ಕಲ್ಲಾಗಿ ನಿಂತ ರಾಕ್ ಬ್ಯಾಂಡು

ನಮ್ಮ ರಾಕ್ ಬ್ಯಾಂಡು ಕಾಲೇಜಿನ ದಿನಗಳಲ್ಲಿ ಒಟ್ಟು ಮೂರು ಸಲ ಬಾರಿಸಿತು. ನಾಲ್ಕು ಎಂದು ನನ್ನ ಡೈರಿಯಲ್ಲಿದೆ. ನಾಲ್ಕನೆಯದು ಬೆಳಗಾವಿಯ ಅನಗೋಳದ ನಮ್ಮ ಮನೆಯ ಮಾಳಿಗೆಯ ಮೇಲೆ ನಡೆದ ತಾಲೀಮು. ಕೆಳಗೆ ಓಣಿಯಲ್ಲಿ ಜನ ಸೇರಿದ್ದರಿಂದ ಅದನ್ನೂ ಕಾರ್ಯಕ್ರಮವೆಂದು ಬರೆದುಕೊಂಡಿದ್ದೇನೆ. ಜನ ಯಾಕೆ ಸೇರಿದ್ದರು ಎಂಬುದನ್ನು ಡೈರಿ ಹೇಳುವುದಿಲ್ಲ.

ಆ ಮೂರರಲ್ಲಿ ಒಂದಕ್ಕೆ ಮಾತ್ರ ವಿಡಿಯೋ ಇದೆ: ಖಾನಾಪುರದಲ್ಲಿ ನಡೆದ ನಮ್ಮ ಹಾಡುಗಾರನ ಅಕ್ಕನ ಮದುವೆ. ಅಲ್ಲಿ ನಾನು ಸೋಲೋ ಬಾರಿಸಿದೆ. ಅಂದರೆ, ಉಳಿದ ಮೂವರೂ ಕೈ ನಿಲ್ಲಿಸಿ ಡ್ರಮ್ಮಿನವನಾದ ನನ್ನೊಬ್ಬನಿಗೇ ಜಾಗ ಬಿಟ್ಟುಕೊಟ್ಟರು. ಐವತ್ತು ದಾಟಿದ ಈ ಬದುಕಿನಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುವಂಥದ್ದು ಅದೊಂದೇ. ಹತ್ತು ನಿಮಿಷ ಬಾರಿಸಿದೆ ಎಂದು ಮಗಳಿಗೆ ಹೇಳಿದಾಗ ಅವಳು, “ಅಪ್ಪಾ, ಹೋದ ವರ್ಷ ಎಂಟ ನಿಮಿಷ ಇತ್ತಲ್ಲ?” ಎಂದಳು. ಡೈರಿ ತೆಗೆದು ನೋಡಿದೆ. “ಬಹಳ ಹೊತ್ತು” ಎಂದಷ್ಟೇ ಇತ್ತು. ಎಂಟೂ ಹತ್ತೂ ಆಮೇಲೆ ಎಲ್ಲಿಂದಲೋ ಬಂದು ಸೇರಿಕೊಂಡಿವೆ.

ಹೀಗಿರುವಾಗ ಬೆಳಗಾವಿಯ ಒಂದು ಕೇಬಲ್ ವಾಹಿನಿಯಿಂದ ಫೋನು ಬಂತು. ಊರಿನ ಹಳೆಯ ಕಲಾವಿದರನ್ನು ಮಾತಾಡಿಸುವ ಬೆಳಗಿನ ಕಾರ್ಯಕ್ರಮವಂತೆ. ನಿರೂಪಕಿ ಒಂದೇ ಒಂದು ಷರತ್ತು ಹಾಕಿದಳು: “ಸರ್, ನೀವು ಬಾರಿಸುವ ಹಳೆಯ ವಿಡಿಯೋ ಬೇಕೇ ಬೇಕು. ಬರೀ ಮಾತಾದರೆ ಜನ ಚಾನೆಲ್ ಬದಲಿಸುತ್ತಾರೆ.” ಸೋಲೋ ಇದೆ ಎಂದು ಬಾಯಿ ಬಿಟ್ಟೆ. ಮಗಳು ಪಕ್ಕದಲ್ಲೇ ನಿಂತಿದ್ದಳು. “ಅಂತೂ ಖರೇನೋ ಸುಳ್ಳೋ ಗೊತ್ತಾಕ್ಕೈತಿ,” ಎಂದಳು.

ಹಾಡುಗಾರ ಈಗ ವಕೀಲ. ವಿಡಿಯೋ ಅವನ ಅಕ್ಕನ ಹತ್ತಿರವೇ ಇದ್ದುದರಿಂದ ಅವನ ಕಾರಿನಲ್ಲೇ ಖಾನಾಪುರಕ್ಕೆ ಹೊರಟೆವು. ದಾರಿಯುದ್ದಕ್ಕೂ ಜಗಳ. ಮದುವೆಯ ದಿನ ನನ್ನ ಡ್ರಮ್ಮುಗಳು ರವಿವಾರ ಪೇಟೆಯಿಂದ ಮದುವೆಗೆ ಬೆಲ್ಲ ಒಯ್ಯುತ್ತಿದ್ದ ಟೆಂಪೋದಲ್ಲಿ ಹೋದವು, ಅದಕ್ಕೇ ದೊಡ್ಡ ಡ್ರಮ್ಮಿಗೆ ನೊಣ ಮುತ್ತಿದ್ದವು ಎಂದು ನಾನು.

“ಬೆಲ್ಲ ಅಲ್ಲಲೇ, ಅಕ್ಕಿ.”

“ಅಕ್ಕೀಗೆ ನೊಣ ಬರ್ತಾವೇನಲೇ?”

“ನೊಣ ಡ್ರಮ್ಮಿಗಿ ಬಂದಿರಲಿಲ್ಲ. ನಿನಗ ಬಂದಿದ್ದು.”

ಅಕ್ಕ ಚಹಾ ಕೊಟ್ಟು, ಕ್ಯಾಸೆಟ್ಟಿನಿಂದ ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದ ಮದುವೆಯನ್ನು ಟಿ.ವಿ.ಗೆ ಹಚ್ಚಿದಳು. ಮೊದಲ ಪೆಟ್ಟು ಅಲ್ಲೇ ಬಿತ್ತು. ಆಗಿನ ಶೂಟಿಂಗಿನವರು ಮದುವೆಯ ಸದ್ದನ್ನೆಲ್ಲ ಒರೆಸಿ ಶಹನಾಯಿ ತುಂಬಿಬಿಡುತ್ತಿದ್ದರು. ನಮ್ಮ ಗಿಟಾರು, ನನ್ನ ಡ್ರಮ್ಮು, ಹಾಡುಗಾರ ಅರ್ಥ ತಿಳಿಯದೆ ಹಾಡುತ್ತಿದ್ದ ಇಂಗ್ಲಿಷು, ಎಲ್ಲದರ ಮೇಲೂ ಶಹನಾಯಿ.

ಎರಡನೆಯ ಪೆಟ್ಟು ನಮ್ಮ ಕೈಯಾರೆ ತಂದುಕೊಂಡದ್ದು. ಆಗ ವಿಡಿಯೋದ ದೊಡ್ಡ ದೀಪ ಮೈಮೇಲೆ ಬಿದ್ದರೆ ಸಾಕು, ನಮ್ಮ ಕಡೆಯ ಜನ ಫೋಟೋಕ್ಕೆ ನಿಂತಂತೆ ನಿಲ್ಲುತ್ತಿದ್ದರು. ಉಣ್ಣುವವರು ತುತ್ತನ್ನು ಬಾಯಿಯ ಹತ್ತಿರ ಹಿಡಿದು ಕೂರುತ್ತಿದ್ದರು. ಬಡಿಸುವವನು ಸೌಟು ಎತ್ತಿ ನಿಲ್ಲುತ್ತಿದ್ದ. ರಾಕ್ ಬ್ಯಾಂಡಾದರೂ ನಾವೂ ಅದೇ ಊರಿನವರೇ ತಾನೆ? ದೀಪ ನಾಲ್ಕು ಸಲ ನಮ್ಮ ಕಡೆ ತಿರುಗಿದೆ. ನಾಲ್ಕೂ ಸಲ ನಾವು ಬಾರಿಸುವುದನ್ನು ನಿಲ್ಲಿಸಿ, ಸೆಟೆದು ನಿಂತು, ಪಾಸ್‌ಪೋರ್ಟ್ ಫೋಟೋದ ಮುಖ ಮಾಡಿದ್ದೇವೆ. ನಾನು ಕೋಲುಗಳನ್ನು ಎದೆಯ ಮೇಲೆ ಅಡ್ಡಡ್ಡ ಹಿಡಿದು ಕೂತಿದ್ದೇನೆ.

“ಇದೇನ್ ಬ್ಯಾಂಡೋ, ರೇಶನ್ ಕಾರ್ಡಿನ ಫೋಟೋನೋ?” ಎಂದು ಅಕ್ಕ ನಗತೊಡಗಿದಳು. “ಸೋಲೋ ಎಲ್ಲಿ ಐತಪಾ ತಮ್ಮಾ?”

ಅದು ಆಯೇರಿನ ಭಾಗದಲ್ಲಿ ಸಿಕ್ಕಿತು. ದೀಪ ಮದುಮಕ್ಕಳ ಮೇಲಿದೆ. ನೆಂಟರು ಸಾಲಾಗಿ ಬಂದು ಉಡುಗೊರೆ ಕೊಡುತ್ತಿದ್ದಾರೆ. ಸ್ಟೀಲಿನ ಕೊಡ ಹಿಡಿದ ಒಬ್ಬ ಅತ್ತೆಯ ಭುಜದ ಹಿಂದೆ, ಅರೆಗತ್ತಲಲ್ಲಿ, ಹೆಬ್ಬೆರಳಿನಷ್ಟು ದೊಡ್ಡವನಾಗಿ ನಾನು! ದೀಪ ಬಿದ್ದಿಲ್ಲವಾದ್ದರಿಂದ ಕಲ್ಲಾಗಿಲ್ಲ. ಕಣ್ಣು ಮುಚ್ಚಿ, ತಲೆ ಕೊಡವಿ, ಬಾರಿಸುತ್ತಿದ್ದೇನೆ. ಎದ್ದು ನಿಂತು, “ನೋಡ್ರಿ! ನೋಡ್ರಿ!” ಎಂದು ಕೂಗಿದೆ.

ಅಕ್ಕ ನೋಡಿದಳು. “ಉಳದವ್ರು ಎಲ್ಲಿಗಿ ಹೊಂಟಾರ?”

ಚೌಕಟ್ಟಿನ ಎಡಕ್ಕೆ ಊಟದ ಹಾಲಿನ ಬಾಗಿಲು. ಗಿಟಾರನ್ನು ಕುರ್ಚಿಯ ಮೇಲಿಟ್ಟು, ತೋಳು ಮಡಿಸಿಕೊಳ್ಳುತ್ತ ಒಬ್ಬ ಅದರೊಳಗೆ ಹೋದ. ಹಿಂದೆ ಇನ್ನೊಬ್ಬ. ಅವನ ಹಿಂದೆ ನಮ್ಮ ಹಾಡುಗಾರ, ಓಡುನಡಿಗೆಯಲ್ಲಿ.

ನಾನು ಅವನ ಕಡೆ ತಿರುಗಿದೆ. ವಕೀಲ ಚಹಾದ ಕಪ್ಪಿನೊಳಗೆ ನೋಡುತ್ತಿದ್ದ.

“ಬ್ಯಾಂಡಿನವ್ರು ಊಟಕ್ಕ ಬರ್ರಿ ಅಂತ ಕರದ್ರಲೇ. ಆ ಪಂಕ್ತಿ ತಪ್ಪಿದ್ರ ಮುಂದಿಂದು ತಾಸ ಬಿಟ್ಟು.”

“ನನ್ನ ಯಾಕ ಕರೀಲಿಲ್ಲ?”

“ಒದರಿದ್ನಲ್ಲ! ನಿನಗ ಕೇಳಬೇಕಲ್ಲ? ಕಣ್ಣ ಬ್ಯಾರೆ ಮುಚ್ಚಿದ್ದಿ.”

ಮೂವತ್ತು ವರ್ಷ ನಾನು ಹೇಳುತ್ತ ಬಂದ ಸೋಲೋ ಇದು. ಅವರು ನನಗೆ ಜಾಗ ಬಿಟ್ಟುಕೊಟ್ಟಿದ್ದು ಖರೆ, ಹೋಳಿಗೆಗಾಗಿ ಬಿಟ್ಟುಕೊಟ್ಟಿದ್ದರು. ಆ ದಿನ ಕಣ್ಣು ತೆರೆದಾಗ ನನಗೆ ಏನು ಕಂಡಿತ್ತು ಎಂದು ಕೇಳಿಕೊಂಡೆ. ಖಾಲಿ ಜಾಗ ಕಂಡಿರಲೇಬೇಕು. ಅದನ್ನು ಗೌರವವೆಂದು ಓದಿಕೊಂಡವನು ಅಂದಿನ ಹುಡುಗನೋ, ಡೈರಿ ಬರೆಯುವಾಗಿನ ನಾನೋ, ಹೇಳಲಾರೆ.

“ಅಷ್ಟ ಯಾಕ ಮಾರಿ ಸಣ್ಣ ಮಾಡ್ತಿ?” ಎಂದ ಹಾಡುಗಾರ. “ಎಡಗಡೀದು ಕತ್ತರಿಸಿ ಬರೇ ನಿನ್ನಷ್ಟ ಕೊಡೂಣು. ಊಟದ ಬಾಗಲಾ ಕಾಣೂದಿಲ್ಲ.”

ಒಪ್ಪಿಬಿಡುತ್ತಿದ್ದೆ. ಅಷ್ಟರಲ್ಲಿ ಅಕ್ಕ ಚಿತ್ರವನ್ನು ಹಿಂದಕ್ಕೆ ಹಾಕಿ, ಟಿ.ವಿ.ಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದಳು. ಊಟದ ಬಾಗಿಲ ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕಿ ನನ್ನ ಕಡೆಗೇ ಮುಖ ಮಾಡಿ ಕೂತು ತಲೆಯಾಡಿಸುತ್ತಿದ್ದಳು. ಅವರ ಅಜ್ಜಿ.

“ಎಡಗಡಿ ಮುಟ್ಟಬ್ಯಾಡ್ರಿ,” ಎಂದಳು ಅಕ್ಕ. “ಅಜ್ಜೀದು ಫೋಟೋ ರಗಡ ಅದಾವ. ಅಲಗ್ಯಾಡೋ ಅಜ್ಜಿ ಇದೊಂದ್ರಾಗ ಇರೂದು. ತೋರ್ಸಿದ್ರ ಅಜ್ಜಿ ಸಹಿತ ತೋರ್ಸ್ರಿ, ಇಲ್ಲಾಂದ್ರ ಪೆನ್‌ಡ್ರೈವ್ ಇಲ್ಲೇ ಇರ್ಲಿ.”

ಅಜ್ಜಿ ನನ್ನ ತಾಳಕ್ಕೇ ತಲೆಯಾಡಿಸುತ್ತಿದ್ದಾರೆಯೇ ಎಂದು ಕೇಳಿದೆ. “ಅಕೀದು ತಲಿ ಯಾವಾಗ್ಲೂ ಹಂಗ ಆಡತಿತ್ತಪಾ,” ಎಂದಳು. ಆದರೂ ಮೂರು ಸಲ ಹಾಕಿಸಿ ನೋಡಿದೆ. ನನ್ನ ಕೋಲೂ ಅಜ್ಜಿಯ ತಲೆಯೂ ಒಟ್ಟಿಗೇ ಇಳಿಯುವಂತೆ ಕಾಣುತ್ತವೆ. ನೋಡಲೇಬೇಕೆಂದು ಕೂತವನಿಗೆ ಏನು ತಾನೇ ಕಾಣುವುದಿಲ್ಲ? ಪೂರ್ತಿ ತುಣುಕನ್ನೇ, ಅಜ್ಜಿ, ಬಾಗಿಲು, ಹೋಳಿಗೆಗೆ ಓಡುವವರ ಸಮೇತ, ವಾಹಿನಿಗೆ ಕಳಿಸಿದೆ.

ನೇರ ಪ್ರಸಾರದ ದಿನ ಹಾಡುಗಾರನೂ ನಾನೂ ಇಸ್ತ್ರಿ ಅಂಗಿಯಲ್ಲಿ ಸೋಫಾದ ಮೇಲೆ ಕೂತೆವು. ಪರದೆಯ ಮೇಲೆ ತುಣುಕು ಬಂತು. ಡ್ರಮ್ಮಿನವನನ್ನು ಗುರುತಿಸಲು ವಾಹಿನಿಯವರು ಕೆಂಪು ವೃತ್ತ ಹಾಕಿ ಬಾಣ ಬಿಟ್ಟಿದ್ದರು. ವೃತ್ತ ಅಜ್ಜಿಯ ಸುತ್ತ ಬಿದ್ದಿತ್ತು. ಅದರ ಹಿಂದೆಯೇ ನಮ್ಮ ಮೂವರು ಒಬ್ಬೊಬ್ಬರಾಗಿ ಬಾಗಿಲೊಳಗೆ ಮಾಯವಾದರು.

“ಸರ್, ನಿಮ್ಮ ಸೋಲೋ ಹೊತ್ತಿನಲ್ಲಿ ಉಳಿದವರು ಎಲ್ಲಿಗೆ ಹೋಗುತ್ತಿದ್ದಾರೆ?” ಎಂದಳು ನಿರೂಪಕಿ.

ಕ್ಯಾಮೆರಾ ನನ್ನ ಕಡೆ ತಿರುಗಿತು. ದೀಪ ಮುಖಕ್ಕೆ ಬಿತ್ತು.

ನಾನು ಸೆಟೆದೆ. ಕೈಗಳು ತಾವೇ ಮೊಣಕಾಲಿನ ಮೇಲೆ ಹೋಗಿ ಕೂತವು. ಗದ್ದ ತುಸು ಮೇಲೆದ್ದಿತು. ಕಣ್ಣಂಚಿನಲ್ಲಿ ಹಾಡುಗಾರನೂ ಹಾಗೇ ಆಗಿರುವುದು ಕಂಡಿತು. ಕೋರ್ಟಿನಲ್ಲಿ ದಿನವಿಡೀ ಮಾತಾಡುವವನು! ನಿರೂಪಕಿ, “ಸರ್? ಸರ್?” ಎನ್ನುತ್ತಿದ್ದಳು. ನಾವು ಯಾರೋ ಕ್ಲಿಕ್ ಎನ್ನಿಸಲಿ ಎಂದು ಕಾಯುತ್ತಿದ್ದೆವು.

ಕೊನೆಗೆ ನನ್ನ ಬಾಯಿಂದ ಬಂದದ್ದು ಇಷ್ಟೇ: “ಊಟಕ್ಕ ಹೋಗ್ಯಾರ್ರಿ.”

ಹೊರಗೆ ಬರುವಷ್ಟರಲ್ಲಿ ಅಕ್ಕನ ಫೋನು. “ತಮ್ಮಾ, ಅಜ್ಜಿಗಿ ಬಾಣಾ ಬಿಟ್ಟಿದ್ರಪಾ! ಓಣಿ ಮಂದೆಲ್ಲಾ ಅಜ್ಜಿನ ಡ್ರಮ್ ಬಾರಿಸ್ತಿದ್ಲೇನು ಅಂತ ಕೇಳಾಕತ್ತಾರ!”

“ನೀವೇನಂದ್ರಿ?”

“ಹೌದು ಅಂದ್ನಿ.”

ಮನೆಯಲ್ಲಿ ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. “ಸೋಲೋ ಖರೇನ ಇತ್ತಪಾ,” ಎಂದಳು, ನಗು ತಡೆಯಲಾಗದೆ. ಟಿ.ವಿ.ಯಲ್ಲಿ ಬಂದುದನ್ನೆಲ್ಲ ಅವಳು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದಾಳೆ. ನಾವು ಕಲ್ಲಾಗಿ ಕೂತದ್ದು ಪೂರಾ ಒಂದು ನಿಮಿಷ ಎನ್ನುತ್ತಾನೆ ಹಾಡುಗಾರ. ನಾಲ್ಕು ಸೆಕೆಂಡು ಎಂದು ನಾನು ಡೈರಿಯಲ್ಲಿ ಬರೆದಿದ್ದೇನೆ. ಮಗಳ ಫೋನು ನೋಡಿದರೆ ಗೊತ್ತಾಗುತ್ತದೆ. ಇನ್ನೂ ನೋಡಿಲ್ಲ.