ಮೂರನೆಯ ಸುತ್ತು

ಇಳಕಲ್ಲಿನಲ್ಲಿ ನನ್ನದು ಸೀರೆ ವ್ಯಾಪಾರ. ಅಂಗಡಿ ಎಂದು ಹೇಳಿಕೊಳ್ಳುವಂಥದ್ದು ಆದದ್ದು ಈಚೆಗೆ. ಅದಕ್ಕೂ ಮೊದಲು ಗಂಟು ಹೊತ್ತು ಬಸ್ಸಿನಲ್ಲಿ ಹುನಗುಂದ, ಬಾಗಲಕೋಟೆ, ಬಾದಾಮಿ ಎಂದು ಮನೆಮನೆ ತಿರುಗಿದವಳು ನಾನು. ಹೊತ್ತು ಹೊತ್ತು ನಡು ಹಿಡಿದುಕೊಂಡಾಗ ದವಾಖಾನೆಯಲ್ಲಿ ಯೋಗ ಮಾಡಿರಿ ಎಂದರು. ನಡುನೋವು ಬಿಟ್ಟಿತು, ಯೋಗ ಬಿಡಲಿಲ್ಲ. ಕಲಿತದ್ದನ್ನು ಅರ್ಧಕ್ಕೆ ನಿಲ್ಲಿಸುವ ಸ್ವಭಾವ ನನ್ನದಲ್ಲ, ತರಬೇತಿಗೆ ಸೇರಿ ಸರ್ಟಿಫಿಕೇಟು ತೆಗೆದುಕೊಂಡೇ ಬಂದೆ.

ಬಾಗಲಕೋಟೆಯ ನವನಗರದಲ್ಲಿ ಹೆಣ್ಣುಮಕ್ಕಳ ಆಸರೆ ಮನೆಯೊಂದಿತ್ತು. ಮನೆಯಿಂದ ಓಡಿಬಂದವರು, ಮನೆಯೇ ಇಲ್ಲದವರು, ಮನೆಯಿದ್ದೂ ಹೋಗಲಾರದವರು ಅಲ್ಲಿದ್ದರು. ಅದರ ಮೇಲ್ವಿಚಾರಕಿ ನನ್ನ ಹಳೆಯ ಗಿರಾಕಿ. "ಹುಡುಗ್ಯಾರು ನಿದ್ದಿಗಣ್ಣಾಗ ಬೆಚ್ಚತಾವ್ರಿ, ಸರಿಯಾಗಿ ಉಣ್ಣಂಗಿಲ್ಲ. ವಾರಕ್ಕೊಮ್ಮೆ ಬಂದು ಏನರ ಕಲಸ್ರಿ" ಎಂದರು.

ನಾನು ಹಾಗೇ ಒಪ್ಪುವವಳಲ್ಲ. ಸಂಬಳ ಬೇಡ, ಆದರೆ ಕೋಣೆಗೆ ಒಳಗಿನಿಂದ ಹಾಕುವ ಚಿಲಕ ಬೇಕು, ಪಾಠ ಮುಗಿಯುವವರೆಗೆ ಯಾರೂ ಬಾಗಿಲು ಬಡಿಯಬಾರದು ಎಂದೆ. ಮೇಲ್ವಿಚಾರಕಿ ಚಾಪೆ ಕೊಡಿಸುತ್ತೇನೆ, ಚಿಲಕದ ಮಾತು ಆಮೇಲೆ ನೋಡೋಣ ಎಂದರು. ಚಾಪೆ ನಾನೇ ತರುತ್ತೇನೆ, ಚಿಲಕ ಇವತ್ತೇ ಹಾಕಿಸಿ ಎಂದೆ. ಹಾಕಿಸಿದರು. ಇಂಥ ಮಕ್ಕಳಿಗೆ ಯೋಗ ಕಲಿಸಲು ಹೊರಟವರಿಗೆ ಹೇಳುತ್ತೇನೆ, ಮೊದಲು ಬಾಗಿಲು ನೋಡಿ. ಇನ್ನೊಂದು, ಕಣ್ಣು ಮುಚ್ಚಿರಿ ಎನ್ನಬೇಡಿ. ಮೊದಲ ದಿನ ನಾನು ಹೇಳಿದೆ, ಒಬ್ಬಳೂ ಮುಚ್ಚಲಿಲ್ಲ. ಶವಾಸನ ಎಂದಾಗ ಅಂಗಾತ ಮಲಗಲು ಯಾರೂ ಒಪ್ಪದೆ ಗೋಡೆಗೆ ಬೆನ್ನು ಹಚ್ಚಿ ಮುದುಡಿಕೊಂಡರು. ಯಾಕೆ ಎಂದು ಕೇಳದಿರುವಷ್ಟು ಬುದ್ಧಿ ಆ ದಿನ ನನಗಿತ್ತು.

ಅವರಲ್ಲಿ ಒಬ್ಬಳು ಯಾವಾಗಲೂ ಬಾಗಿಲ ಹತ್ತಿರವೇ ಚಾಪೆ ಹಾಸುತ್ತಿದ್ದಳು. ಹುನಗುಂದದ ಕಡೆಯ ಹಳ್ಳಿಯವಳು. ಹದಿನಾರರಲ್ಲಿ ಅವಳನ್ನು ಸೋದರಮಾವನಿಗೆ ಕೊಡುವುದೆಂದು ಮನೆಯಲ್ಲಿ ಗೊತ್ತುಮಾಡಿದ್ದರು. ವಯಸ್ಸಿನಲ್ಲಿ ಅವನು ಅವಳ ಎರಡರಷ್ಟು. ಹಿರಿಯರ ಮುಂದೆ ನಿಲ್ಲಿಸಿ, "ಮಾವನ್ನ ಮಾಡ್ಕೋತಿಯೇನವಾ?" ಎಂದು ಕೇಳಿದಾಗ ಅಂಜಿ "ಹೂಂ" ಎಂದುಬಿಟ್ಟಿದ್ದಳು. ಆ ಒಂದು ಹೂಂ ಮೇಲೆ ಊರಿಗೆಲ್ಲ ಸಕ್ಕರೆ ಹಂಚಿದರು. ಎಂಟೇ ದಿನಕ್ಕೆ ಅವಳು ಬಸ್ಸು ಹತ್ತಿ ಓಡಿಬಂದಳು.

ಅವಳ ರೋಗವೇ ಅದು. ಯಾರಾದರೂ ಸ್ವಲ್ಪ ದನಿ ಏರಿಸಿ ಕೇಳಿದರೆ ಉಸಿರು ಎದೆಗೆ ಬಂದು ಸಿಕ್ಕಿಕೊಳ್ಳುವುದು, ಬಾಯಿಂದ ಹೂಂ ಬೀಳುವುದು. ಉಳಿದ ಹುಡುಗಿಯರು ಇದನ್ನು ಚೆನ್ನಾಗಿ ಬಳಸಿಕೊಳ್ಳುತ್ತಿದ್ದರು. ಎಲ್ಲರ ಪಾಳಿಯ ರೊಟ್ಟಿಯನ್ನೂ ಇವಳೇ ಬಡಿಯುತ್ತಿದ್ದಳು.

"ಅಕ್ಕಾರ, ಈಕೀಗೆ ಬಾವ್ಯಾಗ ಹಾರ್ತಿಯೇನ ಅಂತ ಕೇಳ್ರಿ, ಅದಕ್ಕೂ ಹೂಂ ಅಂತಾಳ" ಎಂದು ಒಬ್ಬಳು ಅಂದಾಗ ಎಲ್ಲರೂ ನಕ್ಕರು. ಅವಳೂ ನಕ್ಕಳು.

ನನಗೆ ಗೊತ್ತಿದ್ದದ್ದು ಅಂಗಡಿಯ ವಿದ್ಯೆ. ಗಿರಾಕಿ ಜೋರು ಮಾಡಿ ಕೇಳಿದಾಗ ನಾನು ತಟ್ಟನೆ ಉತ್ತರ ಕೊಡುವುದಿಲ್ಲ. ಸೀರೆಯ ಮಡಿಕೆ ಸರಿಮಾಡುತ್ತ ಸುಮ್ಮನಿರುತ್ತೇನೆ. ಆ ಸುಮ್ಮನಿರುವಿಕೆಯಲ್ಲಿ ಗಿರಾಕಿಯೇ ಒಂದು ಮೆಟ್ಟಿಲು ಇಳಿಯುತ್ತಾನೆ. ಅದನ್ನೇ ಉಸಿರಿಗೆ ಹೊಂದಿಸಿ ಅವಳಿಗೆ ಕಲಿಸಿದೆ. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಅದು ಒಂದು ಸುತ್ತು. ಮೂರು ಸುತ್ತು ಆಗುವ ತನಕ ಯಾರಿಗೂ ಉತ್ತರ ಕೊಡಬೇಡ ಎಂದೆ.

ವಾರಗಟ್ಟಲೆ ರೂಢಿ ಮಾಡಿಸಿದೆ. ಒಂದು ಭಾನುವಾರ ಬೇಕೆಂದೇ ದನಿ ಏರಿಸಿದೆ: "ಏ, ನಾಳಿ ರೊಟ್ಟಿ ಪಾಳಿ ನಿಂದ ಹೌದಿಲ್ಲೋ?"

ಅವಳು ನೆಲ ನೋಡಿದಳು. ಭುಜ ಮೂರು ಸಲ ಏರಿತು, ಇಳಿಯಿತು. ಆಮೇಲೆ, "ಒಲ್ಲೆರಿ ಅಕ್ಕಾರ. ನಂದು ಶುಕ್ರವಾರ" ಎಂದಳು.

"ಅಯ್ಯ, ನಮ್ಮ ರೊಟ್ಟಿ ಹೋದ್ವಲೇ!" ಎಂದು ಯಾರೋ ಕೂಗಿದರು. ಕೋಣೆಯೆಲ್ಲ ಚಪ್ಪಾಳೆ. ಬಸ್ಸಿನಲ್ಲಿ ಊರಿಗೆ ಮರಳುವಾಗ, ಇಷ್ಟು ವರ್ಷ ಮಾರಿದ ಸೀರೆಗಳಿಗಿಂತ ಇದೇ ದೊಡ್ಡ ವ್ಯಾಪಾರ ಎಂದುಕೊಂಡೆ.

ಅವಳಿಗೆ ಹದಿನೆಂಟು ತುಂಬಿತು. ಮನೆಯವರು ಕರೆದೊಯ್ಯಲು ಬರುತ್ತೇವೆಂದು ತಿಳಿಸಿದರು. ಸಂಸ್ಥೆಯ ಮೂವರು ಹಿರಿಯರು ಕುಳಿತು ಅವಳನ್ನೇ ಕೇಳುತ್ತಾರೆ, ಮನೆಗೆ ಹೋಗುತ್ತೀಯೋ, ಇಲ್ಲಿದ್ದು ಹೊಲಿಗೆ ಕಲಿಯುತ್ತೀಯೋ ಎಂದು. ಅವಳ ಬಾಯಿಂದ ಬಂದದ್ದೇ ಕೊನೆಯ ಮಾತು. ಹೋದರೆ ಮಾವನ ಜೊತೆ ಮದುವೆ, ಅದರಲ್ಲಿ ಸಂಶಯವಿರಲಿಲ್ಲ.

ಹಿಂದಿನ ದಿನ ಅವಳು ನನ್ನ ಕೈ ಹಿಡಿದುಕೊಂಡಳು. "ನಾ ಇಲ್ಲೇ ಇರ್ತೇನ್ರಿ. ಆದ್ರ ಅವ್ವನ ಮಾರಿ ನೋಡಿದ್ರ ಹೂಂ ಅಂದಬಿಡ್ತೇನಿ ಅಂತ ಅಂಜಿಕಿ."

"ಮಾರಿ ನೋಡಬ್ಯಾಡ. ನೆಲಾ ನೋಡು. ಮೂರ ಸುತ್ತ ಆಗೂತನಕ ತುಟಿ ಬಿಚ್ಚಬ್ಯಾಡ. ಆಮ್ಯಾಲೆ ಒಲ್ಲೆ ಅನ್ನು, ಅಷ್ಟ" ಎಂದೆ.

ಇದು ನಾನೇ ಆಡಿದ ಮಾತು. ನನ್ನನ್ನೂ ಒಂದು ದಿನ ಕನ್ಯೆ ತೋರಿಸಲು ಕೂರಿಸಿದ್ದರು. ತಲೆ ಬಗ್ಗಿಸಿ, ನೆಲ ನೋಡುತ್ತ, ತುಟಿ ಬಿಚ್ಚದೆ ಕುಳಿತಿದ್ದೆ. ಹುಡುಗಿ ಒಪ್ಪಿದ್ದಾಳೆ ಎಂದು ಹಿರಿಯರು ಎದ್ದಿದ್ದರು. ನಮ್ಮ ಸೀಮೆಯಲ್ಲಿ ಹಿರಿಯರ ಮುಂದೆ ಹಾಗೆ ಕುಳಿತ ಹುಡುಗಿಯದು ಒಪ್ಪಿಗೆಯೇ. ನಾನೇ ಅನುಭವಿಸಿದ ಈ ಸಂಗತಿ ಅವಳಿಗೆ ಬುದ್ಧಿ ಹೇಳುವಾಗ ನನಗೆ ನೆನಪಾಗಲಿಲ್ಲ.

ಮರುದಿನ ಹತ್ತು ಗಂಟೆಗೆ ಕೂಡಿದರು. ತಾಯಿ ಬಂದಿದ್ದಳು, ಮಾವನೂ ಬಂದಿದ್ದ. ತಾಯಿಯ ಚೀಲದಿಂದ ಹಸಿರು ಸೀರೆಯ ತುದಿ ಇಣುಕುತ್ತಿತ್ತು. ಅಂಚಿನ ದಡಿ ನೋಡಿದ ಕೂಡಲೇ ನಮ್ಮೂರ ಸರಕು ಎಂದು ಗೊತ್ತಾಯಿತು. ಅವರು ಕೇಳಲು ಬಂದಿರಲಿಲ್ಲ, ಕರೆದೊಯ್ಯಲು ಬಂದಿದ್ದರು. ಇಳಕಲ್ಲಿನ ಸೀರೆಯವರು, ಇಲ್ಲಿ ಯೋಗ ಕಲಿಸುತ್ತಾರೆ ಎಂದು ಪರಿಚಯಿಸಿ ನನಗೂ ಹಿಂದೆ ಒಂದು ಕುರ್ಚಿ ಕೊಟ್ಟಿದ್ದರು.

ಮೂವರಲ್ಲಿ ಹಿರಿಯರು ನಿವೃತ್ತ ಮಾಸ್ತರರು, ಮೆತ್ತಗಿನ ಮನುಷ್ಯ. "ಹೇಳವಾ ತಂಗಿ, ಅವ್ವನ ಸಂಗಾಟ ಹೋಗ್ತಿಯೇನು?" ಎಂದು ಕೇಳಿದರು.

ಅವಳು ನೆಲ ನೋಡಿದಳು. ಭುಜ ಏರಿತು, ಇಳಿಯಿತು. ಒಂದು. ನಾನೂ ಹಿಂದೆ ಕುಳಿತು ಅವಳೊಡನೆ ಎಣಿಸುತ್ತಿದ್ದೆ. ಕೋಣೆ ಸುಮ್ಮನಿತ್ತು. ಅಂಗಡಿಯಲ್ಲಾದರೆ ಆ ಮೌನ ನನ್ನ ಪಾಲಿನದು. ಎರಡು.

"ನಾಚ್ಯಾಳ್ರಿ" ಎಂದು ಮಾವ ನಕ್ಕ.

ಮಾಸ್ತರರೂ ನಕ್ಕರು. "ಹುಡುಗಿ ಇಷ್ಟ ಸಮಾಧಾನದಿಂದ ಕುಂತಾಳ ಅಂದ್ರ ಮನಸ್ಸೈತಿ ಅಂತನ. ಮದಲ ಅವ್ವನ ಹೆಸರ ತಗದ್ರ ನಡಗತಿದ್ಲು. ಬರಕೋರಿ, ಒಪ್ಪಿಗಿ" ಎಂದು ಪಕ್ಕದವರಿಗೆ ಹೇಳಿದರು. ತಾಯಿ ಎದ್ದು ಬಂದು ಮಗಳನ್ನು ಅಪ್ಪಿಕೊಂಡು ಅತ್ತಳು. ಅವಳ ಭುಜ ತಾಯಿಯ ಸೆರಗಿನಡಿ ಮುಚ್ಚಿಹೋಯಿತು. ಮೂರನೆಯ ಸುತ್ತು ನನಗೆ ಕಾಣಲಿಲ್ಲ.

ನಾನು ಎದ್ದು ನಿಂತೆ. "ಆಕಿ ಇನ್ನ ಮಾತಾಡಿಲ್ರಿ!"

"ಯೋಗದ ಅಕ್ಕಾರ, ಕುಂದರ್ರಿ. ಇದು ಸೀರಿ ಯಾಪಾರ ಅಲ್ಲ" ಎಂದ ಮಾವ.

ಮಾಸ್ತರರು ಒಳ್ಳೆಯವರು, ಇನ್ನೊಮ್ಮೆ ಕೇಳಿದರು. ಆದರೆ ಆಗ ತಾಯಿಯ ಮುಖ ಅವಳ ಮುಖದ ಮುಂದೆಯೇ ಇತ್ತು.

"ಹೂಂ" ಎಂದಳು.

ಅವಳು ಬಟ್ಟೆಯ ಗಂಟು ಕಟ್ಟುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. ಶಾಲೆಯ ಮನೆಗೆಲಸ ಮುಗಿಸದ ಮಗು ಅಕ್ಕಾರಿಗೆ ಕಾರಣ ಹೇಳುವ ಹಾಗೆ, "ಎರಡ ಸುತ್ತ ಆಗಿದ್ವರಿ ಅಕ್ಕಾರ. ಇನ್ನೊಂದ ಉಳದಿತ್ತು" ಎಂದಳು.

ಮೇಲ್ವಿಚಾರಕಿಯನ್ನು ಕಾಡಿದೆ, ಮಾಸ್ತರರ ಮನೆಗೆ ಹೋದೆ. ಅವಳೇ ಹೂಂ ಎಂದಿದ್ದಾಳೆ, ಸಹಿಯೂ ಹಾಕಿದ್ದಾಳೆ, ಇನ್ನೇನು ಮಾಡಲು ಬರುತ್ತದೆ ಎಂದರು. ಅವಳ ಹಳ್ಳಿಗೂ ಹೋದೆ. ತಾಯಿ ಕಟ್ಟೆಯ ಮೇಲೆಯೇ ಕೂರಿಸಿ, ತಂಬಿಗೆ ನೀರು ಕೊಟ್ಟು, ಮಗಳು ಗಂಡನ ಜೊತೆ ದುಡಿಯಲು ಹೋಗಿದ್ದಾಳೆ ಎಂದಳು. ಯಾವ ಊರು ಎಂದು ಹೇಳಲಿಲ್ಲ. ನಾನು ಏನೇನೋ ಮಾತು ಇಳಿಸಿ ಏರಿಸಿ ನೋಡಿದೆ. ಅಲ್ಲಿ ನನ್ನ ವಿದ್ಯೆ ನಡೆಯಲಿಲ್ಲ.

ಪಾಠ ಬಿಟ್ಟಿಲ್ಲ. ಈಗ ಕ್ರಮ ಬೇರೆ. ಮೊದಲು ಎಲ್ಲರೂ ಬೆನ್ನು ನೆಟ್ಟಗೆ ಮಾಡಿ, ಎದುರಿನ ಗೋಡೆ ನೋಡುತ್ತ, ಗಟ್ಟಿಯಾಗಿ "ಒಲ್ಲೆ" ಎನ್ನಬೇಕು. ಉಸಿರಿನ ಎಣಿಕೆ ಅದಾದ ಮೇಲೆ. ಅಕ್ಕಪಕ್ಕದವರು ಗದ್ದಲ ಎಂದು ದೂರುತ್ತಾರೆಂದು ಮೇಲ್ವಿಚಾರಕಿ ಅನ್ನುತ್ತಾರೆ. ಅನ್ನಲಿ ಎಂದಿದ್ದೇನೆ.

ಹೋದ ವಾರ ಹೊಸದಾಗಿ ಬಂದ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾರ, ಸಾಲ್ಯಾಗ ಮದಲ ಉಸರ ತಗೋರಿ ಅಂತಿದ್ರು. ನೀವ್ಯಾಕ ಉಲ್ಟಾ ಕಲಸ್ತೀರಿ?"

ಹಳೆಯ ಹುಡುಗಿಯರು ಬಾಗಿಲ ಹತ್ತಿರದ ಜಾಗ ನೋಡಿದರು. ಅಲ್ಲಿ ಈಗಲೂ ಯಾರೂ ಚಾಪೆ ಹಾಸುವುದಿಲ್ಲ.

"ಒಬ್ಬಾಕೀಗೆ ನಾ ತಪ್ಪ ಕಲಿಸಿದ್ನವಾ" ಎಂದೆ, ಎಣಿಸದೆ.