ಗೋಡೆಯಾಚೆ ಕೂಗಿದವರು

ದೆವ್ವ, ಪ್ರೇತ ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಕಾಫಿ ಮಾಡಲು ಹೋಗುತ್ತಿದ್ದೆ. ವಾದ ಮಾಡುವಷ್ಟು ಆಸಕ್ತಿಯೂ ಇರಲಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಹೊರದೇಶದ ಮಿಲ್ ಕ್ರೀಕ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಸಂಜೆ ಕಿವಿಗೆ ಬಿದ್ದದ್ದನ್ನು ಸುಳ್ಳು ಎನ್ನಲೂ ಆಗುವುದಿಲ್ಲ.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಲ್ಫೋನ್ಸ್ ಎಂಬ ಅಜ್ಜ ಒಬ್ಬರೇ ಇದ್ದರು. ಕೆನಡಾದ ಪೂರ್ವ ಕರಾವಳಿಯ ಅಕೇಡಿಯನ್ನರು. ತಲೆತಲಾಂತರದಿಂದ ಫ್ರೆಂಚ್ ಮಾತಾಡುವ ಜನ. ತಮ್ಮ ಹಳ್ಳಿಯ ನಾಲ್ವರು ಗೆಳೆಯರ ಜೊತೆ ಎರಡನೇ ಮಹಾಯುದ್ಧಕ್ಕೆ ಹೋಗಿ, ಒಬ್ಬರೇ ವಾಪಸ್ಸು ಬಂದಿದ್ದರು. ಅಷ್ಟನ್ನು ಮಾತ್ರ ಒಮ್ಮೆ ಮೆಟ್ಟಿಲ ಮೇಲೆ ಕೂತು ಹೇಳಿದ್ದರು.

ಆ ಚಳಿಗಾಲದ ಬಿರುಗಾಳಿಗೆ ಮರಗಳುರುಳಿ ಕರೆಂಟ್ ಹೋಯಿತು. ಮರುದಿನ ಸಂಜೆಯಾದರೂ ಬರಲಿಲ್ಲ. ನಾನೂ ಹೆಂಡತಿ ಸುಮಾಳೂ ಕಂಬಳಿ ಹೊದ್ದು ಕೂತಿದ್ದಾಗ ಗೋಡೆಯಾಚೆಯಿಂದ ಗಂಡಸರ ದನಿ ಕೇಳಿಸಿತು. ಹರೆಯದವರು, ಮೂರ್ನಾಲ್ಕು ಜನ. ಮೊದಲು ಹರಟೆ ಅನ್ನಿಸಿತು. ಬರಬರುತ್ತ ಅದರಲ್ಲಿ ಗಾಬರಿ ಸೇರಿಕೊಂಡಿತು. ಒಬ್ಬನಂತೂ ನನಗೆ ಅರ್ಥವಾಗದ ಒಂದೇ ಮಾತನ್ನು ಮತ್ತೆ ಮತ್ತೆ ಕೂಗುತ್ತಿದ್ದ: “ಫೋನ್ಸ್, ಲೆವ್-ತ್ವೆ.”

“ಅಜ್ಜನ ಮನೇಲಿ ಏನೋ ಗಲಾಟೆ,” ಎಂದೆ.

“ನಂಗೇನೂ ಕೇಳಿಸ್ತಿಲ್ವಲ್ರೀ,” ಎಂದಳು ಸುಮಾ.

ಹೋಗಿ ಬಾಗಿಲು ತಟ್ಟಿದೆ. ದನಿಗಳು ತಟಕ್ಕನೆ ನಿಂತವು. ಕರೆದರೆ ಉತ್ತರವಿಲ್ಲ. ಹಿಡಿ ತಿರುಗಿಸಿದೆ, ತೆರೆಯಿತು. ಟಾರ್ಚ್ ಬಿಟ್ಟು ನೋಡಿದರೆ ಹಾಲಿನ ನಡುವೆ ಕೆಂಡ ತುಂಬಿದ ಇದ್ದಿಲಿನ ಒಲೆ. ಸೋಫಾದ ಮೇಲೆ ಕತ್ತು ವಾಲಿಸಿಕೊಂಡು ಬಿದ್ದಿದ್ದರು ಅಲ್ಫೋನ್ಸ್. ಬೇರೆ ಯಾರೂ ಇಲ್ಲ. ನಮ್ಮದು ಮೇಲಿನ ಮಹಡಿ, ಹೊರಹೋಗಲು ಇನ್ನೊಂದು ದಾರಿಯೂ ಇಲ್ಲ. ಚಳಿಗೆ ಮನೆಯೊಳಗೇ ಇದ್ದಿಲು ಹಚ್ಚಿದ್ದರು, ವಿಷಗಾಳಿ ತುಂಬಿತ್ತು. ಉಸಿರು ಬಿಗಿಹಿಡಿದು, ಕಂಕುಳಿಗೆ ಕೈ ಹಾಕಿ ಅವರನ್ನು ಹೊರಗೆಳೆದೆ. ಸುಮಾ ಆಂಬುಲೆನ್ಸ್‌ಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಅವರು ಚೇತರಿಸಿಕೊಂಡ ಮೇಲೆ, ಮನೆಗೆ ಯಾರು ಬಂದಿದ್ದರೆಂದು ಕೇಳಿದೆ. ಯಾರೂ ಬಂದಿರಲಿಲ್ಲ ಎಂದರು. ಕೇಳಿಸಿದ್ದನ್ನು ಹಾಗೆಯೇ ಉಚ್ಚರಿಸಿದೆ.

“ಫೋನ್ಸ್ ಅಂತ ನನ್ನನ್ನು ಕರೀತಿದ್ರು. ಲೆವ್-ತ್ವೆ ಅಂದರೆ ಏಳು,” ಎಂದರು. “ಓದಿದವರು ಹಾಗೆ ಹೇಳೋದಿಲ್ಲ, ಅದು ನಮ್ಮೂರ ಕಡೆಯ ಮಾತು. ಕಾವಲಿನ ಸರದಿ ಬಂದಾಗ ಮೋರಿಸ್ ನನ್ನನ್ನು ಹಾಗೇ ಎಬ್ಬಿಸ್ತಿದ್ದ.” ಮೋರಿಸ್ ಯುದ್ಧದಿಂದ ವಾಪಸ್ಸು ಬಾರದ ಆ ನಾಲ್ವರಲ್ಲಿ ಒಬ್ಬ. “ವಯಸ್ಸಾದವರ ದನಿಯಾ?” ಎಂದು ಕೇಳಿದರು.

“ಇಲ್ಲ. ಹುಡುಗನ ದನಿ.”

ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ವಿಷಗಾಳಿ ನಿಮ್ಮ ಮನೆಗೂ ಸ್ವಲ್ಪ ನುಗ್ಗಿರಬೇಕು, ಅದರಿಂದ ಇಲ್ಲದ ಸದ್ದು ಕೇಳಿಸುವುದುಂಟು ಎಂದರು ಡಾಕ್ಟರು. ಇರಬಹುದು. ಆದರೆ ಸುಮಾ ನನ್ನ ಮಗ್ಗುಲಲ್ಲೇ ಇದ್ದಳು, ಅವಳಿಗೆ ಏನೂ ಆಗಿರಲಿಲ್ಲ. ನನಗೋ ಫ್ರೆಂಚಿನ ಒಂದಕ್ಷರವೂ ಬಾರದು. ನಾನು ಕಾಣದ ಹಳ್ಳಿಯ ಮಾತು ನನ್ನ ತಲೆಯೊಳಗೆ ಎಲ್ಲಿಂದ ಬಂತು? ನಿಮಗೆ ಹೊಳೆದರೆ ಹೇಳಿ. ನನಗಂತೂ ಇಂದಿಗೂ ಹೊಳೆದಿಲ್ಲ.