ಗೆರೆಯ ಮೇಲಿಟ್ಟ ಟ್ರಂಕು

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನೀರು ಗೋಡೆಯ ಗೆರೆಯನ್ನು ದಾಟಿತು. ಸಾಂಗಲಿಯಲ್ಲಿ ಹೊಳೆಗೆ ಹತ್ತಿರದ ಮನೆಗಳವರು ಹಿಂದಿನ ಮಹಾಪೂರ ಎಲ್ಲಿಯವರೆಗೆ ಬಂದಿತ್ತೆಂದು ಬಣ್ಣದ ಗೆರೆ ಎಳೆದಿರುತ್ತಾರೆ. ಅದರ ಮೇಲಿಟ್ಟದ್ದಕ್ಕೆ ಭಯವಿಲ್ಲವೆಂಬ ನಂಬಿಕೆ. ನಮ್ಮ ಗೆರೆ ಮೊಳಕಾಲೆತ್ತರ. ಅದಕ್ಕಿಂತ ಒಂದು ಮೊಳ ಮೇಲಿನ ಹಲಗೆಯಲ್ಲಿ ಕಾಕಾನ ಟ್ರಂಕು ಇಟ್ಟು, ಎತ್ತರದ ಮಂಚದ ಮೇಲೆ ಕಾಲು ಮಡಚಿ ಚಹಾ ಕುಡಿಯುತ್ತಿದ್ದೆವು.

ಕಾಕಾ ನನ್ನ ತಂದೆಯ ತಮ್ಮ. ಮರಾಠಿ ಸಂಗೀತ ನಾಟಕಗಳಿಗೆ ಪದ, ಎಂದರೆ ಹಾಡು, ಬರೆದು ಧಾಟಿ ಕಟ್ಟುವುದೇ ಅವರ ಜೀವನ. ಮೊದಲು ಹಾರ್ಮೋನಿಯಂ ಪೇಟಿಯ ಮೇಲೆ ಧಾಟಿ ಹುಟ್ಟುತ್ತಿತ್ತು. ಅದು ಮರೆಯದಿರಲೆಂದು ಬಾಯಿಗೆ ಬಂದ ಕನ್ನಡ ತುಂಬುತ್ತಿದ್ದರು: ಬುಧಗಾಂವದ ಬಸ್ಸು, ಒಣಗದ ಧೋತರ, ನೆರೆಯವರ ಜಗಳ. ಆಮೇಲೆ ಅದೇ ತೂಕದ ಮರಾಠಿ ಸಾಲು ಕೂಡಿಸುವರು. ನಾಯಕಿ ರಂಗದ ಮೇಲೆ ವಿರಹ ಹಾಡುವಾಗ ಮುಂದಿನ ಸಾಲಿನಲ್ಲಿ ಕೂತ ನಮಗೆ ಆ ಧೋತರ ನೆನಪಾಗಿ ನಗು ತಡೆಯುತ್ತಿರಲಿಲ್ಲ. ಕಾಕಾ ತಿರುಗಿ ಕಣ್ಣು ಬಿಡುತ್ತಿದ್ದರು. ಸ್ವರಲಿಪಿ ಅವರು ಬರೆದವರಲ್ಲ. ಮರಾಠಿ ಪದಗಳ ಒಂದೇ ಒಂದು ಪ್ರತಿ ಆ ಟ್ರಂಕಿನಲ್ಲಿತ್ತು.

ದೋಣಿ ಬಾಗಿಲಿಗೆ ಬಂದಾಗ ನೀರು ಎದೆಮಟ್ಟ. ಹಲಗೆ ಕಾಣುತ್ತಿರಲಿಲ್ಲ. ದೋಣಿಯವನು ಮನುಷ್ಯರನ್ನಷ್ಟೇ ಒಯ್ಯುವೆನೆಂದ. ಕಾಕಾ ಒಳಗೆ ತಿರುಗಿದರು.

"ನೀ ಹೋಗು. ನನ್ನ ಪದಾ ಒಳಗ ಅದಾವ."

ನಾನು ಅವರ ಮಣಿಕಟ್ಟು ಹಿಡಿದೆ. "ಪದಾ ನಿಮ್ಮ ಬಾಯಾಗ ಅದಾವ್ರಿ, ಬರ್ರಿ."

ಅದು ಸುಳ್ಳು. ಎರಡು ವರ್ಷದಿಂದ ಅವರು ಮರೆಯುತ್ತಿದ್ದುದು ನನಗೆ ಗೊತ್ತಿತ್ತು, ಅವರಿಗೂ. ಬಾಗಿಲ ಚೌಕಟ್ಟು ಹಿಡಿದ ಅವರ ಬೆರಳು ಒಂದೊಂದಾಗಿ ಸಡಿಲವಾದದ್ದು, ಕೆಳಗೆ ನೀರು ಕಾಲೆಳೆದದ್ದು, ಅವರು ದೋಣಿ ಹತ್ತಿದ್ದು, ಈಗಲೂ ಕಾಲೇಜಿನಲ್ಲಿ ಪಾಠ ಮಾಡುವಾಗ ನಡುವೆ ಬಂದು ನಿಲ್ಲುತ್ತದೆ.

ಮಿರಜಿನ ಅತ್ತೆಯ ಮನೆಯಲ್ಲಿ ವಾರಗಟ್ಟಲೆ ಉಳಿದೆವು. ನಾನು ಹೊಸ ನೋಟ್‌ಬುಕ್ಕು ಹಿಡಿದು ಕೂತರೆ ಕಾಕಾನಿಗೆ ಮರಾಠಿ ಸಾಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ತುಂಬಿಸಿದ ಕನ್ನಡ ಮಾತ್ರ, ಧಾಟಿಯ ಸಮೇತ. ಹಿಂದೆ ಅವರ ನಾಯಕಿಯಾಗಿದ್ದ, ಪೇಟೆಯ ಕನ್ನಡ ವ್ಯಾಪಾರಿ ಮನೆತನದ, ಎಲ್ಲರೂ ಗೌರವದಿಂದ ‘ಬಾಯಿ’ ಎನ್ನುವ ಹೆಂಗಸನ್ನು ಕರೆಸಿದೆ. ಕಾಕಾ ತಲೆತಗ್ಗಿಸಿ, ಚಟ್ನಿಗೆ ಉಪ್ಪು ಕಡಿಮೆ ಎಂದು ಹಾಡಿದರು. ಬಾಯಿಯವರು ಕಣ್ಣು ಮುಚ್ಚಿ ಅದೇ ಧಾಟಿಯಲ್ಲಿ ಮರಾಠಿ ಪದವನ್ನು ಕೊನೆಯವರೆಗೆ ಹಾಡಿ ಮುಗಿಸಿದರು. ಆಮೇಲೆ ಕಾಕಾನ ಕಡೆ ನೋಡಿದರು.

"ಅಂದರ ಇಷ್ಟು ವರ್ಷ ನಾ ಚಟ್ನಿ ಸಲುವಾಗಿ ಅತ್ತೇನಿ?"

"ಅತ್ತಿದ್ದು ಚಲೋ ಇತ್ತು," ಎಂದರು ಕಾಕಾ. ಮಹಾಪೂರದ ನಂತರ ಅವರು ನಕ್ಕದ್ದು ಅಂದೇ.

ಸಂಜೆಯೊಳಗೆ ಹನ್ನೊಂದು ಪದ ಬರೆದುಕೊಂಡೆ. ಬಾಯಿಯವರು ಹಾಡದ ನಾಟಕಗಳ ಪದಗಳು ಸಿಗಲಿಲ್ಲ. ಅವು ಹೋದವು ಎಂದು ಕಾಕಾ ತಾವೇ ಹೇಳಿ ಚಹಾ ಕೇಳಿದರು.

ಅಲ್ಲಿಯವರೆಗೆ ಪ್ರತಿ ರಾತ್ರಿ ನಾವಿಬ್ಬರೂ ಎಚ್ಚರಗೊಂಡು, ನೆಲ ಒದ್ದೆಯಾಗಿದೆಯೇ ಎಂದು ಹಾಸಿಗೆಯಿಂದ ಕೈ ಚಾಚಿ ನೋಡುತ್ತಿದ್ದೆವು. ಮರುದಿನ ಹಾಲಿನವನು ಬಾಗಿಲು ಬಡಿದಾಗಲೇ ನನಗೆ ಎಚ್ಚರವಾಯಿತು. ಕಾಕಾ ಆಗಲೂ ಗೊರಕೆ ಹೊಡೆಯುತ್ತಿದ್ದರು.